ಮರಳುಗಾಡಿನ ದಂಡಿಗೆ ನೀರು ಎಲ್ಲಿಂದ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಕುದುರೆ ಸವಾರರು ಹೈಫಾ ಗೆದ್ದ ಕತೆ ಕೇಳಿದ್ದೇನೆ. ಆದರೆ ಮರಳುಗಾಡಿನಲ್ಲಿ ಅಷ್ಟು ದೊಡ್ಡ ಸೈನ್ಯಕ್ಕೆ, ಕುದುರೆಗಳಿಗೆ ನೀರು ಎಲ್ಲಿತ್ತು? ಇಲ್ಲಿ ಬೇಸಿಗೆ ಬಂದರೆ ದನಗಳಿಗೆ ನೀರು ಹೊಂದಿಸುವುದೇ ಕಷ್ಟ.
– ಓದುಗರು, ಅಜ್ಜಂಪುರ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಒಳ್ಳೆಯ ಪ್ರಶ್ನೆ. ಈಗಿನ ಇಸ್ರೇಲಿನ ಬಂದರು ಊರಾದ ಹೈಫಾ ಬಗ್ಗೆ ಎಲ್ಲರೂ ಬರೆಯುತ್ತಾರೆ, ನೀರಿನ ಬಗ್ಗೆ ಕೇಳುವವರು ಕಡಿಮೆ.

ಮೈಸೂರು ಲ್ಯಾನ್ಸರ್ಸ್, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರ ಪಡೆ, ಬ್ರಿಟಿಷರ ಪರ ಹೋರಾಡಲು 1914ರಲ್ಲೇ ಹಡಗು ಹತ್ತಿತು. ನಿಮ್ಮ ಜಿಲ್ಲೆ, ಪಕ್ಕದ ಹಾಸನ ಎರಡೂ ಆಗ ಮೈಸೂರು ಸಂಸ್ಥಾನದ್ದೇ ಅಲ್ವಾ. ಆ ಸವಾರರಿಗೆ ಮೊದಲು ಸಿಕ್ಕಿದ್ದು ಸೂಯೆಜ್ ಕಾಲುವೆ ಕಾಯುವ ಕೆಲಸ. 1915ರ ಫೆಬ್ರವರಿಯಲ್ಲಿ ತುರ್ಕರು ಸಿನಾಯ್ ಮರಳುಗಾಡು ದಾಟಿ ಬಂದು ಕಾಲುವೆಗೆ ಕೈಹಾಕಿದರು, ಆಗಲಿಲ್ಲ. ಮರುವರ್ಷ ಜನರಲ್ ಮರ್ರೆ ಕೈಕೆಳಗೆ ‘ಈಜಿಪ್ಷಿಯನ್ ಎಕ್ಸ್‌ಪೆಡಿಷನರಿ ಫೋರ್ಸ್’ ಎಂಬ ಸೇನೆ ಕಟ್ಟಿ, ಕಾಲುವೆ ಕಾಯುತ್ತಾ ಕೂರುವ ಬದಲು ತಾವೇ ಸಿನಾಯ್ ದಾಟುವುದು ಎಂದು ಬ್ರಿಟಿಷರು ತೀರ್ಮಾನಿಸಿದರು.

ನೀರಿನ ಕಷ್ಟ ಶುರುವಾಗಿದ್ದೇ ಇಲ್ಲಿ. ಒಂದು ಕುದುರೆಗೆ ದಿನಕ್ಕೆ 25–30 ಲೀಟರ್ ಬೇಕೇಬೇಕು, ಬಿಸಿಲಲ್ಲಿ ಇನ್ನೂ ಜಾಸ್ತಿ. ಸಿನಾಯ್ ಬಾವಿಗಳ ನೀರು ಉಪ್ಪುಪ್ಪು. ಹಾಗಾಗಿ ನೈಲ್ ನೀರನ್ನೇ ಸೋಸಿ, ಸೂಯೆಜ್ ಕಾಲುವೆಯ ಅಡಿಯಿಂದ ದಾಟಿಸಿ, ಕಾಲುವೆ ದಡದ ಕಂತಾರ ಊರಿನಿಂದ ಪೂರ್ವಕ್ಕೆ 12 ಇಂಚಿನ ಪೈಪು ಹಾಕುತ್ತಾ ಹೋದರು. ಪಕ್ಕದಲ್ಲೇ ರೈಲು ಹಳಿ. ಪೈಪು ಮುಗಿದ ಕಡೆಯಿಂದ ಮುಂದಕ್ಕೆ ಒಂಟೆಗಳ ಮೇಲೆ ನೀರಿನ ಡಬ್ಬಗಳು. ಕಾಲು ಹೂತುಹೋಗುವ ಮರಳಿನ ಮೇಲೆ ತಂತಿ ಬಲೆ ಹಾಸಿ ಸಿಪಾಯಿಗಳನ್ನು ನಡೆಸಿದರು. ಬೆವರು ಸುರಿಸಿದ್ದು ಈಜಿಪ್ಟಿನ ಸಾವಿರಾರು ಕೂಲಿಗಳು. ಗೆಲುವಿನಲ್ಲಿ ಅವರ ಪಾಲು ದೊಡ್ಡದು, ಅವರ ಹೆಸರು ಮಾತ್ರ ಯಾರೂ ಹೇಳುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸಿನಾಯ್ ದಾಟಿ, 1917ರಲ್ಲಿ ಪ್ಯಾಲೆಸ್ತೀನಿನ ಗಾಜಾ ಮುಂದೆ ತುರ್ಕರಿಗೆ ಎರಡು ಸಲ ಸೋತ ಮೇಲೆ ಮರ್ರೆ ಜಾಗಕ್ಕೆ ಜನರಲ್ ಅಲೆನ್‌ಬಿ ಬಂದರು. ಅಕ್ಟೋಬರ್ 31ರಂದು ಬೀರ್‌ಶೀಬಾ ಮೇಲೆ ಬಿದ್ದಾಗಲೂ ಕಣ್ಣಿದ್ದದ್ದು ಅಲ್ಲಿನ ಬಾವಿಗಳ ಮೇಲೆ. ಕತ್ತಲಾಗುವುದರೊಳಗೆ ಊರು ಸಿಗದಿದ್ದರೆ ಕುದುರೆಗಳಿಗೆ ನೀರಿಲ್ಲ, ಅದಕ್ಕೇ ಆಸ್ಟ್ರೇಲಿಯಾದ ಸವಾರರು ಇಳಿಬಿಸಿಲಲ್ಲಿ ನೇರ ನುಗ್ಗಿದರು.

ಇನ್ನು ಹೈಫಾ, 1918ರ ಸೆಪ್ಟೆಂಬರ್ 23. ಜೋಧ್‌ಪುರ ಸಂಸ್ಥಾನದ ಸವಾರರು ಊರಿನ ಕಡೆ ನುಗ್ಗಿದರೆ, ಮೈಸೂರಿನ ಒಂದು ತುಕಡಿ ಮೇಲಿದ್ದ ತುರ್ಕರ ಫಿರಂಗಿಗಳನ್ನು ಹಿಡಿಯಲು ಕಾರ್ಮೆಲ್ ಬೆಟ್ಟ ಹತ್ತಿತು. ಏರು ಕಡಿದು. ಕುದುರೆಗಳು ಸುಸ್ತಾಗಿ ಒಂದೊಂದೇ ಹಿಂದೆ ಬಿದ್ದವು, ಕೊನೆಗೆ ಉಳಿದ ಬೆರಳೆಣಿಕೆಯ ಸವಾರರೇ ಭರ್ಜಿ ಹಿಡಿದು ಫಿರಂಗಿಗಳ ಮೇಲೆ ಎರಗಿದರು. ಊರು ಅವತ್ತೇ ಕೈಗೆ ಬಂತು.

ಈ ಪಡೆಯ ಸ್ಮಾರಕ ನೋಡಬೇಕಿದ್ದರೆ ದಿಲ್ಲಿಯ ತೀನ್ ಮೂರ್ತಿಯವರೆಗೆ ಹೋಗಬೇಕಿಲ್ಲ, ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದಿದೆ.