ಪ್ರತಿಕ್ರಿಯೆ: ಪ್ರಾರ್ಥನೆ ತಪ್ಪಿದ ದಿನ ನಾನು ದೇವರ ಮುಂದೆ ನೀತಿವಂತನಲ್ಲವೇ?

ನೀವು ನೀತಿಯನ್ನು, ಅಂದರೆ ದೇವರ ಮುಂದೆ ಸರಿಯಾದವರೆಂದು ಎಣಿಸಲ್ಪಡುವುದನ್ನು, ದಿನಗೂಲಿಯ ಹಾಗೆ ಲೆಕ್ಕ ಹಾಕುತ್ತಿದ್ದೀರಿ ಅನ್ನಿಸುತ್ತದೆ. ತೊಂದರೆ ಬಹುಶಃ ಅಲ್ಲೇ ಇದೆ.

ಮೊದಲು ಬೈಬಲಿನಲ್ಲಿ ಅಪೊಸ್ತಲ ಪೌಲನ ಪತ್ರ, ರೋಮಾಪುರದವರಿಗೆ 4:4-5 ಓದಿ. ದುಡಿದವನಿಗೆ ಸಿಗುವುದು ಕೂಲಿ, ಅದು ಉಚಿತವಲ್ಲ, ಆದರೆ ನಂಬುವವನಿಗೆ ಆ ನಂಬಿಕೆಯೇ ನೀತಿಯೆಂದು ಎಣಿಕೆಯಾಗುತ್ತದೆ ಅಂತ ಪೌಲ ನೇರವಾಗಿ ಹೇಳುತ್ತಾನೆ. ಆಮೇಲೆ ಆದಿಕಾಂಡ 15:6. ಅಬ್ರಾಮ (ಮುಂದೆ ಅಬ್ರಹಾಮ ಅಂತ ಹೆಸರಾದವನು) ನಂಬಿದ, ದೇವರು ಅದನ್ನೇ ನೀತಿಯೆಂದು ಎಣಿಸಿದ. ದೇವರ ಒಡಂಬಡಿಕೆಯ ಗುರುತಾದ ಸುನ್ನತಿ ಬರುವುದು 17ನೇ ಅಧ್ಯಾಯದಲ್ಲಿ, ಅಂದರೆ ಆಮೇಲೆ! ಈ ಕ್ರಮ ಜಾಸ್ತಿ ಮುಖ್ಯ. ಪೌಲನ ವಾದ ನಿಂತಿರುವುದೇ ಇದರ ಮೇಲೆ.

ಯಾಕೋಬ 2:21-24 ಕೊನೆಗೆ ಓದಿ. ಬರೀ ನಂಬಿಕೆಯಿಂದಲ್ಲ, ಕ್ರಿಯೆಯಿಂದಲೂ ಮನುಷ್ಯ ನೀತಿವಂತನಾಗುತ್ತಾನೆ ಅಂತ ಅಲ್ಲಿದೆ. ಯಾಕೋಬ ಹೇಳುವುದು ಅಬ್ರಹಾಮ ತನ್ನ ಮಗ ಇಸಾಕನನ್ನು ಅರ್ಪಿಸಿದ ಸಂಗತಿ, ಅದು ಆದಿಕಾಂಡ 22ನೇ ಅಧ್ಯಾಯದ್ದು. ನಂಬಿಕೆಗೆ ಜೀವವಿದೆ ಅಂತ ಕ್ರಿಯೆ ತೋರಿಸುತ್ತದೆ. ಇದನ್ನು ಕಥೋಲಿಕರು, ಪ್ರೊಟೆಸ್ಟಂಟರು ಬೇರೆಬೇರೆಯಾಗಿ ವಿವರಿಸುತ್ತಾರೆ, ಹಾಗಾಗಿ ನಿಮ್ಮ ಸಭೆಯ ಪಾದ್ರಿಯವರನ್ನೂ ಕೇಳಿ.

ನಾಳೆ ತಪ್ಪಿದರೆ ಬಾಕಿ ತೀರಿಸಲು ಹೋಗಬೇಡಿ. ಸುಮ್ನೆ ಕೂತು ಪ್ರಾರ್ಥನೆ ಶುರುಮಾಡಿ.