ಗ್ಲಾಸ್ ಮೆಷಿನ್ ಬದಲಿಸುವ ಮೊದಲು ಚಾನಲ್ ಬಿಚ್ಚಿ ನೋಡಿ

ಅಣ್ಣಾ, ನೀವು ಬರೆದದ್ದು ಪೂರ್ತಿ ಓದಿದೆ. 2005ರ ಪಿಕಪ್. ಹಿರಿಯೂರು ಕಡೆಯ ಧೂಳು, ಈರುಳ್ಳಿ ಲೋಡು. ಡ್ರೈವರ್ ಬಾಗಿಲಿನ ಗ್ಲಾಸು ಏರಿಸುವಾಗ ಮುಂದಕ್ಕೆ ವಾಲಿ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಲದ ದಾರಿಗೆ ಇಳಿದರೆ ಗಡಗಡ ಸದ್ದು. ಗ್ಯಾರೇಜಿನಲ್ಲಿ, ಗ್ಲಾಸು ಏರಿಸಿ ಇಳಿಸುವ "ಮೆಷಿನ್ ಹೋಗಿದೆ, ಹೊಸದೇ ಹಾಕಿಸಿ" ಅಂದಿದ್ದಾರೆ. ಮೇಲಿನ ಕಾಮೆಂಟಿನಲ್ಲಿ ಇನ್ನೊಬ್ಬರು, ಗ್ಲಾಸು ಓಡುವ "ಚಾನಲ್ ತುಂಬ ಗ್ರೀಸ್ ಹಾಕಿ, ಬೆಣ್ಣೆ ಹಾಗೆ ಓಡುತ್ತೆ" ಅಂತ ಸಲಹೆ ಕೊಟ್ಟಿದ್ದಾರೆ. ಸದ್ಯಕ್ಕೆ ಎರಡೂ ಬೇಡ.

ಯಾಕೆ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ ಅಂದರೆ, ನಾನು ಎರಡನ್ನೂ ಮಾಡಿ ಮುಗಿಸಿದವನು. ನನ್ನದೂ ಹಳೆ ಪಿಕಪ್ಪೇ, ತೀರ್ಥಹಳ್ಳಿ ಕಡೆ ಅಡಿಕೆ, ಗೊಬ್ಬರ ಹೊರುತ್ತದೆ. ಮೊದಲು ಗ್ರೀಸ್ ಹಾಕಿದೆ. ಒಂದು ವಾರ ನಿಜಕ್ಕೂ ಬೆಣ್ಣೆ ಹಾಗೆ ಓಡಿತು. ಆಮೇಲೆ ಮೊದಲಿಗಿಂತ ಬಿಗಿಯಾಯಿತು. ಹೊಸ ಮೆಷಿನ್ ಹಾಕಿಸಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗ್ಲಾಸು ಮತ್ತೆ ಅದೇ ಕಡೆಗೆ ವಾಲಿತು. ಮೂರನೇ ಸಲ ನಾನೇ ಬಿಚ್ಚಿ ನೋಡಿದಾಗ ಗೊತ್ತಾಯಿತು, ರೋಗ ಮೆಷಿನ್‌ನದ್ದಲ್ಲ.

ಮೆಷಿನ್ ಬರೀ ಎತ್ತುವ ಕೈ. ಗ್ಲಾಸು ನೆಟ್ಟಗೆ ಹೋಗುವಂತೆ ಹಿಡಿಯುವುದು ಮುಂದೆ ಹಿಂದೆ ಇರುವ ಎರಡು ಚಾನಲ್‌ಗಳು. ಅಂದರೆ ತಗಡಿನ ಉದ್ದ ದೋಣಿ, ಅದರೊಳಗೆ ಮಖಮಲ್ಲಿನಂಥ ಫೆಲ್ಟ್ ಇರುವ ರಬ್ಬರು. ಹಳೆ ಗಾಡಿಗಳ ಮೆಷಿನ್‌ಗಳಲ್ಲಿ ಕೆಲವಕ್ಕೆ ಒಂದೇ ತೋಳು. ಆ ತೋಳು ನೇರ ಮೇಲೆ ಏಳುವುದಿಲ್ಲ, ಬಾಗಿಲು ತೆರೆದ ಹಾಗೆ ಸುತ್ತಿಕೊಂಡು ಏಳುತ್ತದೆ. ತುದಿಯ ರೋಲರ್ ಗ್ಲಾಸಿನ ತಳದ ಪಟ್ಟಿಯಲ್ಲಿ ಆ ಕಡೆ ಈ ಕಡೆ ಜಾರುತ್ತಾ ಇರುತ್ತದೆ. ಅಂದಮೇಲೆ ತೋಳು ಗ್ಲಾಸನ್ನು ಯಾವಾಗಲೂ ನಡುಮಧ್ಯದಲ್ಲಿ ಎತ್ತುವುದಿಲ್ಲ. ಒಂದು ಕಡೆ ತೂಕ ಬೀಳುತ್ತದೆ. ಚಾನಲ್ ಗಟ್ಟಿ ಇದ್ದರೆ ತಡೆಯುತ್ತದೆ, ಸವೆದಿದ್ದರೆ ಗ್ಲಾಸು ವಾಲುತ್ತದೆ. ವಾಲಿದ ಗ್ಲಾಸನ್ನು ನಾವು ಹ್ಯಾಂಡಲ್ ಹಿಡಿದು ಬಲವಂತವಾಗಿ ಏರಿಸುತ್ತೇವೆ. ಆಗ ಮೆಷಿನ್ ಹಲ್ಲು ಹೋಗುತ್ತದೆ. ಗ್ಯಾರೇಜಿನವರು ಸುಳ್ಳು ಹೇಳಿಲ್ಲ, ಕೊನೆಗೆ ಸತ್ತದ್ದನ್ನು ಮಾತ್ರ ನೋಡಿದ್ದಾರೆ.

ಬಿಚ್ಚುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಗ್ಲಾಸು ಅರ್ಧಕ್ಕೆ ನಿಲ್ಲಿಸಿ. ಎರಡೂ ಅಂಗೈ ಗ್ಲಾಸಿನ ಒಳಗೂ ಹೊರಗೂ ಒತ್ತಿ ಹಿಡಿದು ಮುಂದಕ್ಕೆ ಹಿಂದಕ್ಕೆ ಅಲುಗಾಡಿಸಿ. ಬೆರಳಗಲ ಓಡಾಡಿದರೆ ಚಾನಲ್ ಅಥವಾ ಅದರ ರಬ್ಬರು ಹೋಗಿದೆ. ಒಳಗೆ ಹೊರಗೆ ಮಾತ್ರ ಕಟಕಟ ಅಂದರೆ ಫೆಲ್ಟ್ ಸವೆದಿದೆ, ತಗಡು ಚೆನ್ನಾಗಿರಬಹುದು. ಹ್ಯಾಂಡಲ್ ತಿರುಗುತ್ತಿದೆ, ಗ್ಲಾಸು ಕದಲುತ್ತಿಲ್ಲ ಅಂದರೆ ಅದು ಮೆಷಿನ್ ಹಲ್ಲು. ಗುಂಡಿಗೆ ಬಿದ್ದಾಗೆಲ್ಲ ಗ್ಲಾಸು ತಾನೇ ಇಳಿಯುತ್ತಿದ್ದರೂ ಮೆಷಿನ್ನೇ. ಹ್ಯಾಂಡಲ್ ಹಿಂದೆ ಒಂದು ಸ್ಪ್ರಿಂಗ್ ಬ್ರೇಕ್ ಇರುತ್ತದೆ, ಅದು ಸಡಿಲವಾಗಿರುತ್ತದೆ. ನೀವು ಬರೆದ ಹಾಗೆ ಮುಂದಿನ ಮೂಲೆ ಕುಸಿಯುತ್ತದೆ ಅಂದರೆ ನನ್ನ ಅನುಮಾನ ಮುಂದಿನ ಚಾನಲ್‌ನ ತಳದ ಮೇಲೆ.

ಬಿಚ್ಚುವುದು ಕಷ್ಟವಲ್ಲ. ಹ್ಯಾಂಡಲ್ ನಡುವೆ ಸ್ಕ್ರೂ ಇದ್ದರೆ ಸರಿ. ಇಲ್ಲದಿದ್ದರೆ ಹಿಂದೆ ಕುದುರೆ ಲಾಳದ ಆಕಾರದ ಕ್ಲಿಪ್ ಇರುತ್ತದೆ. ಅದಕ್ಕೆ ಸ್ಕ್ರೂಡ್ರೈವರ್ ಹಾಕಿ ಕಿತ್ತಾಡಬೇಡಿ. ಹಳೆ ಪಂಚೆಯ ಒಂದು ಪಟ್ಟಿ ಹರಿದು ಹ್ಯಾಂಡಲ್ ಮತ್ತು ಡೋರ್ ಪ್ಯಾಡ್ (ಬಾಗಿಲಿನ ಒಳಬದಿ ಮುಚ್ಚುವ ಹಲಗೆ) ನಡುವೆ ತೂರಿಸಿ, ಎರಡು ತುದಿ ಹಿಡಿದು ಬೆನ್ನು ಉಜ್ಜುವ ಹಾಗೆ ಎಳೆದಾಡಿ. ಬಟ್ಟೆ ಕ್ಲಿಪ್ಪಿನ ಕಾಲಿಗೆ ಸಿಕ್ಕಿ ಅದನ್ನು ಹೊರಗೆ ಹಾರಿಸುತ್ತದೆ. ಹಾರಿಸುತ್ತದೆ ಅಂದರೆ ನಿಜವಾಗಿಯೂ ಹಾರುತ್ತದೆ. ನನ್ನದು ಹಟ್ಟಿಯ ಹುಲ್ಲಿನಲ್ಲಿ ಬಿದ್ದು ಇವತ್ತಿನವರೆಗೂ ಸಿಕ್ಕಿಲ್ಲ. ಇನ್ನೊಂದು ಕೈ ಅಡ್ಡ ಇಟ್ಟುಕೊಳ್ಳಿ.

ಪ್ಯಾಡ್ ತೆಗೆದಾಗ ಒಳಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಬಹಳಷ್ಟು ಹಳೆ ಗಾಡಿಗಳಲ್ಲಿ ಯಾರೋ ಅದನ್ನು ಆಗಲೇ ಕಿತ್ತು ಬಿಸಾಡಿರುತ್ತಾರೆ. ಅದು ಸುಮ್ನೆ ಇರುವುದಲ್ಲ, ಮುಂದೆ ಹೇಳುತ್ತೇನೆ. ಕೈ ಒಳಗೆ ಹಾಕುವ ಮುನ್ನ ಗ್ಲೌಸ್ ಹಾಕಿಕೊಳ್ಳಿ. ಬಾಗಿಲಿನ ಒಳತಗಡಿನ ಅಂಚು ಕುಡುಗೋಲಿನಷ್ಟೇ ಹರಿತ.

ಈಗ ಟಾರ್ಚ್ ಹಿಡಿದು ಮುಂದಿನ ಚಾನಲ್‌ನ ಕೆಳತುದಿ ನೋಡಿ. ಅಲ್ಲಿ ಒಂದು ಬ್ರಾಕೆಟ್, ಒಂದು ಬೋಲ್ಟು ಇರುತ್ತದೆ, ಸಾಮಾನ್ಯವಾಗಿ 10 ನಂಬರ್ ಸ್ಪ್ಯಾನರ್ ಹಿಡಿಯುವಂಥದ್ದು. ನನ್ನ ಗಾಡಿಯಲ್ಲಿ ಆ ಬ್ರಾಕೆಟ್ ತುಕ್ಕು ತಿಂದು ಹಪ್ಪಳವಾಗಿತ್ತು. ಚಾನಲ್ ಕೆಳಗಡೆ ಗಾಳಿಯಲ್ಲಿ ನೇತಾಡುತ್ತಿತ್ತು. ಇಷ್ಟೇ ಕಾರಣಕ್ಕೆ ನಾನು ಮೆಷಿನ್ ಬದಲಿಸಿದ್ದೆ.

ತಳವೇ ಯಾಕೆ ತುಕ್ಕು ಹಿಡಿಯುತ್ತದೆ? ಗ್ಲಾಸಿನ ಮೇಲೆ ಬಿದ್ದ ಮಳೆ ನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿದೇ ಇಳಿಯುತ್ತದೆ. ಅದು ತಪ್ಪಲ್ಲ, ಗಾಡಿ ಮಾಡಿರುವುದೇ ಹಾಗೆ. ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ, ನೀರು ಅಲ್ಲಿಂದ ಹೊರಗೆ ಹೋಗಬೇಕು. ನಿಮ್ಮ ಕಡೆ ಧೂಳು, ನಮ್ಮ ಕಡೆ ಕೆಸರು ಮತ್ತು ಕೊಳೆತ ಎಲೆ. ಎರಡೂ ಹೋಗಿ ಆ ತೂತು ಮುಚ್ಚುತ್ತವೆ. ಆಮೇಲೆ ಬಾಗಿಲಿನೊಳಗೆ ತಿಂಗಳುಗಟ್ಟಲೆ ಒದ್ದೆ ಮಣ್ಣು. ನನ್ನ ಬಾಗಿಲಿನಿಂದ ಎರಡು ಬೊಗಸೆ ಮಣ್ಣು ಬಂತು, ಜೊತೆಗೆ ಮೊಳಕೆ ಬಂದ ಯಾವುದೋ ಕಾಳು. ನಿಮ್ಮದರಲ್ಲಿ ಈರುಳ್ಳಿ ಸಿಪ್ಪೆ ಸಿಗದಿದ್ದರೆ ಕೇಳಿ. ಒಂದು ತಂತಿ ತಗೊಂಡು ಎಲ್ಲ ತೂತು ಬಿಡಿಸಿ, ಒಳಗೆ ನೀರು ಹೊಯ್ದು ಸರಾಗ ಇಳಿಯುತ್ತದಾ ನೋಡಿ. ಈ ಕೆಲಸ ಬಿಟ್ಟು ಬೇರೇನು ಮಾಡಿದರೂ ಎರಡು ವರ್ಷಕ್ಕೆ ಮತ್ತೆ ಇಲ್ಲಿಗೇ ಬರುತ್ತೀರಿ.

ಚಾನಲ್ ತೆಗೆಯುವ ಮೊದಲು ಗ್ಲಾಸು ತೆಗೆಯಬೇಕು. ಪಕ್ಕದ ಗ್ಲಾಸು ಟಫನ್ಡ್. ಅದರ ಮೈ ಗಟ್ಟಿ, ಅಂಚು ಮಾತ್ರ ಬಹಳ ನಾಜೂಕು. ಅಂಚಿಗೆ ಸ್ಪ್ಯಾನರ್ ತಾಗಿದರೂ ಇಡೀ ಗ್ಲಾಸು ಕಲ್ಲುಸಕ್ಕರೆಯ ಹಾಗೆ ಉದುರಬಹುದು. ಅದನ್ನು ಕತ್ತರಿಸಿ ಸರಿಮಾಡಲೂ ಆಗುವುದಿಲ್ಲ, ಹೊಸದೇ ಬೇಕು. ಹಾಗಾಗಿ ತಳಪಟ್ಟಿಯ ಬೋಲ್ಟು ಬಿಚ್ಚುವ ಮುಂಚೆ ಒಬ್ಬರು ಗ್ಲಾಸು ಹಿಡಿದುಕೊಂಡಿರಲಿ. ಮೆಷಿನ್‌ಗೆ ಸುರುಳಿ ಸ್ಪ್ರಿಂಗ್ ಇದ್ದರೆ ಅದರ ತಂಟೆಗೆ ಹೋಗಬೇಡಿ. ಗ್ಲಾಸಿನ ಭಾರ ಇಲ್ಲದಾಗ ತೋಳು ಪಟ್ಟನೆ ಏಳಬಹುದು, ಬೆರಳು ಹೋದೀತು.

ಗ್ಲಾಸು ಒಂದು ಗೋಣಿಚೀಲದ ಮೇಲೆ ಮಲಗಿಸಿ, ಚಾನಲ್ ಹೊರಗೆ ತನ್ನಿ. ಹಳೆ ರಬ್ಬರು ಎಳೆದು ತೆಗೆದು ತಗಡು ನೋಡಿ. ಮೂರು ತರ ಸಿಗುತ್ತದೆ.

ಅಂಚು ಬರೀ ಅಗಲಿಸಿಕೊಂಡಿದ್ದರೆ ಅದೃಷ್ಟ. ಚಾನಲ್ ಮೇಲ್ಭಾಗದಲ್ಲಿ, ಎಲ್ಲಿ ಸವೆದಿಲ್ಲವೋ ಅಲ್ಲಿ ಒಳಗಿನ ಅಗಲ ಅಳೆದುಕೊಳ್ಳಿ. ಅಷ್ಟೇ ದಪ್ಪದ ಕಬ್ಬಿಣದ ಪಟ್ಟಿ ಒಳಗೆ ಇಟ್ಟು, ಎರಡೂ ಅಂಚನ್ನು ಪ್ಲೇಯರ್‌ನಿಂದ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬನ್ನಿ. ಒಂದೇ ಕಡೆ ಜೋರಾಗಿ ಒತ್ತಿದರೆ ಅಲ್ಲಿ ಗಂಟಾಗುತ್ತದೆ, ಗ್ಲಾಸು ಅಲ್ಲೇ ಹಿಡಿಯುತ್ತದೆ. ಪಟ್ಟಿ ಇಲ್ಲದೆ ಒತ್ತಿದರೆ ಚಾನಲ್ ಚಪ್ಪಟೆ. ನಾನು ಮೊದಲ ಸಲ ಹಾಗೇ ಮಾಡಿದ್ದು.

ತಳದ ಬ್ರಾಕೆಟ್ ಮಾತ್ರ ಹೋಗಿದ್ದರೆ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಿ. ತೆಳು ತಗಡಿಗೆ ಸಾಮಾನ್ಯ ಆರ್ಕ್ ವೆಲ್ಡಿಂಗ್ ತೂತು ಮಾಡಿಬಿಡುತ್ತದೆ. ಟಿಂಕರಿಂಗ್ ಮಾಡುವವರ ಹತ್ತಿರ ಗ್ಯಾಸ್ ಅಥವಾ ಸಿಓ2 ವೆಲ್ಡಿಂಗ್ ಇರುತ್ತದೆ, ಅಲ್ಲಿಗೆ ಒಯ್ಯಿರಿ. ಬ್ರಾಕೆಟ್ಟಿನ ತೂತು ಗುಂಡಗೆ ಬೇಡ, ಉದ್ದಕ್ಕೆ ಮಾಡಿಸಿ. ಆಮೇಲೆ ಚಾನಲ್ ಹಿಂದೆ ಮುಂದೆ ಸರಿಸಿ ಕೂರಿಸಲು ಬೇಕಾಗುತ್ತದೆ. ಬಾಗಿಲಿನಲ್ಲೇ ವೆಲ್ಡ್ ಮಾಡಬೇಕಾಗಿ ಬಂದರೆ ಬ್ಯಾಟರಿ ಕಳಚಿ, ಗ್ಲಾಸು ದೂರ ಇಡಿ. ವೆಲ್ಡಿಂಗ್ ಅಥವಾ ಗ್ರೈಂಡರ್ ಕಿಡಿ ಗ್ಲಾಸಿಗೆ ಹತ್ತಿದರೆ ಸಣ್ಣ ಗುಳಿಗಳು ಬೀಳುತ್ತವೆ. ಏನು ಉಜ್ಜಿದರೂ ಹೋಗುವುದಿಲ್ಲ.

ಇಡೀ ಚಾನಲ್ ತುಕ್ಕಿಗೆ ಹೋಗಿದ್ದರೆ ತೇಪೆಗೆ ದುಡ್ಡು ಹಾಕಬೇಡಿ. ಗುಜರಿಯಲ್ಲಿ ಅದೇ ಮಾಡೆಲ್‌ನ ಬಾಗಿಲು ಹುಡುಕಿ. ಎಡಗಡೆ ಬಾಗಿಲಿನ ಚಾನಲ್ ಬಲಕ್ಕೆ ಬರುವುದಿಲ್ಲ, ಬಾಗು ತಿರುಗಾಮುರುಗಾ ಇರುತ್ತದೆ. ಬೆಂಗಳೂರಿಗೆ ಹೋಗುವವರು ಇದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ವಿಚಾರಿಸಲಿ. ಹೊಸ ರಬ್ಬರಿಗೆ ಜೆ.ಸಿ. ರಸ್ತೆ.

ಸರಿಮಾಡಿದ ಮೇಲೆ ತಂತಿ ಬ್ರಷ್‌ನಿಂದ ಉಜ್ಜಿ, ಎರಡು ಕೋಟ್ ರೆಡ್ ಆಕ್ಸೈಡ್ ಹೊಡೆದು ಪೂರ್ತಿ ಒಣಗಿಸಿ. ಆತುರದಲ್ಲಿ ಹಸಿ ಬಣ್ಣದ ಮೇಲೆ ರಬ್ಬರು ಕೂರಿಸಬೇಡಿ.

ರಬ್ಬರು ತರುವಾಗ ಹಳೆಯದರ ಒಂದು ತುಂಡು ಜೊತೆಗೆ ಒಯ್ಯಿರಿ. ಅಂಗಡಿಯಲ್ಲಿ "ಗ್ಲಾಸ್ ಚಾನಲ್ ರಬ್ಬರ್, ಫೆಲ್ಟ್ ಇರುವುದು" ಅಂತ ಕೇಳಿ. ಬೀಡಿಂಗ್ ಅಂತ ಮಾತ್ರ ಅಂದರೆ ಬಾಗಿಲಿನ ಸುತ್ತ ಹಾಕುವ ರಬ್ಬರು ಕೊಟ್ಟು ಕಳಿಸುತ್ತಾರೆ. ಗ್ಲಾಸಿನ ದಪ್ಪವನ್ನೂ ಅಳೆದುಕೊಂಡು ಹೋಗಿ. ರಬ್ಬರು ಸಡಿಲ ಆದರೆ ಸದ್ದು ಹೋಗುವುದಿಲ್ಲ, ಬಿಗಿ ಆದರೆ ಹೊಸ ಮೆಷಿನ್ನೂ ಸಾಯುತ್ತದೆ. ಕೂರಿಸುವಾಗ ಮೇಲಿನ ಮೂಲೆಗಳಿಂದ ಶುರುಮಾಡಿ ಕೆಳಗೆ ಬನ್ನಿ. ಮೂಲೆಯಲ್ಲಿ ಬಾಗಿಸಲು ಒಳಗಡೆ ಮಾತ್ರ ಸಣ್ಣ ಕಚ್ಚು ಹಾಕಿ, ಹೊರ ಬೆನ್ನು ಕತ್ತರಿಸಬೇಡಿ. ರಬ್ಬರ್ ಗಮ್ ಅಲ್ಲಲ್ಲಿ ಸ್ವಲ್ಪ ಸಾಕು.

ಗ್ಲಾಸಿನ ತಳಪಟ್ಟಿಯನ್ನೂ ಈಗಲೇ ನೋಡಿಬಿಡಿ. ಪಟ್ಟಿಯೊಳಗೆ ಗ್ಲಾಸು ಅಲುಗಾಡುತ್ತಿದ್ದರೆ ಹಳೆ ಸೈಕಲ್ ಟ್ಯೂಬ್ ಉದ್ದಕ್ಕೆ ಕತ್ತರಿಸಿ, ಗ್ಲಾಸಿನ ಅಂಚಿಗೆ ಸುತ್ತಿ, ಸೋಪಿನ ನೀರು ಹಚ್ಚಿ ಒಳಗೆ ಒತ್ತಿ. ಸುತ್ತಿಗೆ ಬೇಡ, ಮರದ ತುಂಡು ಇಟ್ಟು ಅಂಗೈಯಿಂದ ತಟ್ಟಿ. ಇದು ಹಳ್ಳಿ ರಿಪೇರಿ, ನಿಜ. ಆದರೆ ನನ್ನ ಗಾಡಿಯಲ್ಲಿ ಇದುವರೆಗೂ ಜಗ್ಗಿಲ್ಲ. ರೋಲರ್ ಒಂದು ಕಡೆ ಚಪ್ಪಟೆಯಾಗಿದ್ದರೆ, ಅಂಗಡಿಯಲ್ಲಿ ಸಿಗದಿದ್ದರೆ, ಲೇತ್‌ನಲ್ಲಿ ನೈಲಾನ್ ರಾಡ್‌ನಿಂದ ಕಡೆಸಿಕೊಳ್ಳಬಹುದು.

ಇನ್ನು ಜೋಡಿಸುವುದು. ಎಲ್ಲರೂ ಎಡವುವುದು ಇಲ್ಲೇ. ಚಾನಲ್ ಬೋಲ್ಟುಗಳನ್ನು ಮೊದಲಿಗೇ ಬಿಗಿ ಮಾಡಬೇಡಿ, ಬೆರಳಲ್ಲಿ ತಿರುಗಿಸಿ ಬಿಡಿ. ಗ್ಲಾಸು ಪೂರ್ತಿ ಏರಿಸಿ, ಆಗ ಮೇಲಿನ ಬೋಲ್ಟು ಬಿಗಿ ಮಾಡಿ. ಗ್ಲಾಸು ಪೂರ್ತಿ ಇಳಿಸಿ, ಆಗ ಕೆಳಗಿನದು. ಗ್ಲಾಸು ತನ್ನ ಜಾಗ ತಾನೇ ತೋರಿಸುತ್ತದೆ. ಅರ್ಧಕ್ಕೆ ತಂದು ಮತ್ತೆ ಅಂಗೈ ಪರೀಕ್ಷೆ ಮಾಡಿ. ಒಂದು ಕಡೆ ಹಿಡಿಯುತ್ತಿದ್ದರೆ ಎರಡು ಚಾನಲ್‌ಗಳ ನಡುವಿನ ದೂರ ಮೇಲೆ ಕೆಳಗೆ ಅಳೆಯಿರಿ. ಸಾಮಾನ್ಯವಾಗಿ ಕೆಳಗೆ ಕಡಿಮೆ ಬಂದಿರುತ್ತದೆ. ನನಗೆ ಸರಿ ಕೂರಿಸಲು ಮೂರು ಸಲ ಬೇಕಾಯಿತು.

ಗ್ರೀಸ್ ವಿಷಯ. ಗ್ರೀಸ್ ಬೇಕು, ಆದರೆ ಮೆಷಿನ್ ಹಲ್ಲಿಗೆ, ರೋಲರಿಗೆ ಮತ್ತು ರೋಲರ್ ಓಡುವ ಪಟ್ಟಿಗೆ ಮಾತ್ರ. ಫೆಲ್ಟ್‌ಗೆ ಹಾಕಿದರೆ ಧೂಳು ಅಂಟಿ ಅರೆಯುವ ಪೇಸ್ಟ್ ಆಗುತ್ತದೆ. ಗ್ಲಾಸು ಏರಿಳಿದಾಗೆಲ್ಲ ಅದೇ ರಬ್ಬರನ್ನು ತಿನ್ನುತ್ತದೆ. ಎಂಜಿನ್ ಆಯಿಲ್, ಡೀಸೆಲ್ ಅಂತೂ ರಬ್ಬರನ್ನೇ ಉಬ್ಬಿಸುತ್ತವೆ. ಫೆಲ್ಟ್‌ಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ, ಅದು ಒಣಗಿದ ಹಾಗೆ ಇರುತ್ತದೆ. ನಿಮ್ಮ ಧೂಳಿಗೆ ಎರಡು ಮೂರು ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಚಾನಲ್ ಒರೆಸಿ ಮತ್ತೆ ಸ್ವಲ್ಪ ಹೊಡೆದರೆ ಆಯಿತು.

ಕೊನೆಗೆ ಆ ಪ್ಲಾಸ್ಟಿಕ್ ಹಾಳೆ. ಬಾಗಿಲಿನೊಳಗಿನ ನೀರು ಪ್ಯಾಡಿಗೆ ಬರದಂತೆ ತಡೆಯುವುದು ಅದೇ. ಇಲ್ಲದಿದ್ದರೆ ಪ್ಯಾಡಿನ ಹಲಗೆ ಉಬ್ಬಿ ಕ್ಲಿಪ್ಪುಗಳು ಕಳಚುತ್ತವೆ, ಕಾಲ ಬುಡದಲ್ಲಿ ನೀರು ನಿಲ್ಲುತ್ತದೆ. ಕಳೆದಿದ್ದರೆ ಗೊಬ್ಬರ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ ತೊಳೆದು ಒಣಗಿಸಿ, ಅಳತೆಗೆ ಕತ್ತರಿಸಿ ಅಂಟಿಸಿ. ಹಾಳೆಯ ಕೆಳ ಅಂಚು ಬಾಗಿಲಿನ ಒಳಕ್ಕೆ ಮಡಚಿರಬೇಕು, ನೀರು ಜಾರಿ ಒಳಗೇ ಬೀಳಲಿ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆ) ಹತ್ತಿರ ಇದ್ದರೆ ಬಾಗಿಲು ಬಿಚ್ಚಿರುವಾಗಲೇ ತಳದ ತುಕ್ಕೂ ಮುಗಿಸಿಬಿಡಿ, 8 ವರ್ಷ ದಾಟಿದ ಗೂಡ್ಸ್ ಗಾಡಿಗೆ ಅದು ವರ್ಷಾವರ್ಷ ಬರುತ್ತದೆ ಅಲ್ವಾ.

ರಬ್ಬರಿಗೆ ದುಡ್ಡು ಕೊಡುವ ಮೊದಲು ಪ್ಯಾಡ್ ಬಿಚ್ಚಿ ಮುಂದಿನ ಚಾನಲ್ ತಳದ ಒಂದು ಫೋಟೋ ಇಲ್ಲಿ ಹಾಕಿ. ಬೋಲ್ಟು, ಬ್ರಾಕೆಟ್ ಎರಡೂ ಕಾಣುವ ಹಾಗೆ, ಟಾರ್ಚ್ ಪಕ್ಕದಿಂದ ಹಿಡಿದು ತೆಗೆಯಿರಿ. ಎದುರಿನಿಂದ ಹಿಡಿದರೆ ಬರೀ ಬೆಳಕೇ ಬರುತ್ತದೆ.