ಚಳಿಗಾಲದಲ್ಲಿ ಬರುವ ಕಡಲತಡಿಯ ಹಕ್ಕಿಗಳು ಆ ಕೆಸರಲ್ಲಿ ಏನು ತಿನ್ನುತ್ತವೆ?

ನೀರಿಳಿದ ಮೇಲೆ ಬರೀ ಕೆಸರಿರುವ ಜಾಗದಲ್ಲಿ ಈ ವಲಸೆ ಹಕ್ಕಿಗಳು ಗಂಟೆಗಟ್ಟಲೆ ಕುಕ್ಕುವುದೇನನ್ನು, ಮಂಡಕ್ಕಿ ಎಸೆದರೆ ತಿಂದಾವಾ ಎಂದು ಕೇಳಿದ್ದೀರಿ. ನಾನು ಕುಮಟಾ ಕಡೆಯವನು, ಅಘನಾಶಿನಿ ಅಳಿವೆಯಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮಂಡಕ್ಕಿ ನಿಮ್ಮ ಬಾಯಿಗೇ ಇರಲಿ. ಆ ಕೆಸರೊಳಗೆ ಹುಳ, ಬಳಚು (ಕಪ್ಪೆಚಿಪ್ಪು), ಸಣ್ಣ ಏಡಿ, ಸಿಗಡಿಮರಿ ಎಲ್ಲ ಕಿಕ್ಕಿರಿದಿರುತ್ತವೆ. ಯಾರಿಗೆ ಯಾವುದು ಅನ್ನುವುದು ಕೊಕ್ಕಿನ ಮೇಲೆ ಹೋಗುತ್ತದೆ. ಸ್ಯಾಂಡ್ ಪ್ಲವರ್‌ಗೆ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಮೇಲೆ ಅಲುಗಿದ್ದನ್ನು ಹೆಕ್ಕುತ್ತದೆ. ಕರ್ಲ್ಯೂ ಕೊಕ್ಕು 15 ಸೆಂ.ಮೀ. ವರೆಗೂ ಉದ್ದ. ಆಳದ ಹುಳ ಅದಕ್ಕೆ ಕಾಣುವುದಿಲ್ಲ, ಕೊಕ್ಕಿನ ತುದಿಗೇ ತಾಗಿ ಗೊತ್ತಾಗುತ್ತದೆ.

ನನಗೆ ಇಷ್ಟ ವಿಂಬ್ರೆಲ್‌ನ ಊಟ. ಗಂಡಿಗೆ ಒಂದು ಮುಂಗಾಲು ಮಾತ್ರ ಭಾರೀ ದಪ್ಪಗಿರುವ ಪುಟ್ಟ ಏಡಿಗಳಿವೆಯಲ್ಲ, ಅವು ಇಳಿತದಲ್ಲಿ ಬಿಲದಿಂದ ಹೊರಬರುತ್ತವೆ. ವಿಂಬ್ರೆಲ್ ತನ್ನ ಬಾಗಿದ ಕೊಕ್ಕನ್ನು ಬಿಲಕ್ಕೆ ತೂರಿಸಿ ಒಂದನ್ನು ಎಳೆಯುತ್ತದೆ. ಕೊಡವಿ ಕೊಡವಿ ಕಾಲು ಉದುರಿಸುತ್ತದೆ. ಮೈತುಂಬ ಕೆಸರಿದ್ದರೆ ಪಕ್ಕದ ನೀರಿಗೆ ಒಯ್ದು ಜಾಲಾಡಿ, ಆಮೇಲೆ ಗುಳುಂ.

ಬಳಚು ತಿನ್ನುವವರಲ್ಲಿ ರೆಡ್ ನಾಟ್ ಹಕ್ಕಿಯನ್ನು ಮೀರಿಸಿದ್ದಿಲ್ಲ. ನಮ್ಮಲ್ಲಿ ಅಪರೂಪ, ಆಫ್ರಿಕಾದ ಮಾರಿಟೇನಿಯಾ ಕರಾವಳಿಯಲ್ಲಿ ಚಳಿಗಾಲಕ್ಕೆ ಹಿಂಡುಹಿಂಡಾಗಿ ಸೇರುತ್ತದೆ. ನಮ್ಮ ಮನೆಯಲ್ಲಿ ಬಳಚು ಬಿಡಿಸಲು ಮೆಟ್ಟುಗತ್ತಿ ಬೇಕು. ಈ ಹಕ್ಕಿಯೋ ಚಿಪ್ಪಿನ ಸಮೇತ ನುಂಗಿ ಹೊಟ್ಟೆಯೊಳಗೇ ಅರೆದು, ಚಿಪ್ಪಿನ ಚೂರನ್ನು ಹಿಂದಿನಿಂದ ಹಾಕುತ್ತದೆ.

ಇವುಗಳಿಗೆ ಬೆಳಗು-ಬೈಗಿನ ಲೆಕ್ಕವಿಲ್ಲ, ಭರತ-ಇಳಿತದ್ದೇ ಲೆಕ್ಕ. ರಾತ್ರಿ ನೀರಿಳಿದರೆ ಕತ್ತಲಲ್ಲೂ ಮೇಯುತ್ತವೆ. ಭರತದಲ್ಲಿ ಒಂದೆಡೆ ಗುಂಪಾಗಿ ಸುಮ್ಮನೆ ನಿಲ್ಲುತ್ತವೆ. ಫೋಟೋಕ್ಕೆಂದು ಆಗ ಓಡಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಇವು ಟಿಬೆಟ್, ಸೈಬೀರಿಯಾ ಕಡೆ ಹೊರಡಬೇಕು. ಅಷ್ಟರೊಳಗೆ ದಾರಿಗೆ ಬೇಕಾದ ಕೊಬ್ಬು ಕೂಡಿಸಬೇಕು, ಕೆಲವು ಜಾತಿಗಳ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸುಮ್ಮನೆ ಹಾರಿಸಿದರೆ ತಿಂದದ್ದೆಲ್ಲ ಅಲ್ಲೇ ಖರ್ಚು.

ನೋಡಬೇಕೆಂದರೆ ಜನವರಿಯಲ್ಲಿ ಬನ್ನಿ. ಬೆಳಿಗ್ಗೆ ಆರಕ್ಕೇ ಏಳಬೇಕೆಂದಿಲ್ಲ, ನೀರು ಯಾವಾಗ ಇಳಿಯುತ್ತದೆಂದು ದೋಣಿಯವರನ್ನು ಕೇಳಿಕೊಂಡು ಹೊರಡಿ.